ಕೇಬಲ್‌ಗೆ ಅಗೆದು ಮುಚ್ಚಿದ ಜಾಗ ಯಾಕೆ ಕುಸಿಯುತ್ತದೆ? ದಮ್ಮಸ್ಸಿನ ಲೆಕ್ಕ

ತುಮಕೂರಿನಲ್ಲಿ ಓದುವವರು ಈ ಪಾಠಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಎಷ್ಟೋ ರಸ್ತೆಗಳು ಹೊಸದಾದವು. ಹೊಸ ಡಾಂಬರಿನ ಮೇಲೆ ಉದ್ದಕ್ಕೆ ಒಂದು ಪಟ್ಟಿ ಕಂಡರೆ ಅಲ್ಲಿ ಏನೋ ಹೂತಿದ್ದಾರೆ ಅಂತಲೇ ಅರ್ಥ. ಒಂದು ಮಳೆಗಾಲ ಕಳೆದರೆ ಆ ಪಟ್ಟಿ ತಗ್ಗಾಗಿ ಬೈಕಿನ ಚಕ್ರವನ್ನು ಎಳೆಯುತ್ತದೆ. ಜನ ಡಾಂಬರನ್ನು ಬೈಯುತ್ತಾರೆ. ಹೆಚ್ಚಿನ ಸಲ ಸಡಿಲವಾಗಿರುವುದು ಅದರ ಕೆಳಗಿನ ಮಣ್ಣು.

ಅನುಮತಿಯ ಬಗ್ಗೆ ಇಷ್ಟು ಸಾಕು

ಟೆಲಿಕಾಂ ಕೇಬಲ್‌ಗೆ ಮೊದಲು 2016ರ ರೈಟ್ ಆಫ್ ವೇ (ಜಾಗದಲ್ಲಿ ಕೇಬಲ್ ಹಾಯಿಸುವ ಅನುಮತಿ) ನಿಯಮಗಳಿದ್ದವು. 2023ರ ದೂರಸಂಪರ್ಕ ಕಾಯ್ದೆಯಡಿ ಬಂದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅಗೆಯುವ ಮೊದಲು ಕೆಳಗಿರುವ ಪೈಪು, ಕೇಬಲ್‌ಗಳ ಮಾಲೀಕರಿಗೆ ತಿಳಿಸಲು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಇದೆ, 2023ರ ಮಾರ್ಚ್‌ನಲ್ಲಿ ಶುರುವಾಯಿತು.

ಪದರ ಪದರವಾಗಿ ಯಾಕೆ ತುಂಬಬೇಕು

ಜೆಸಿಬಿ ಒಂದೇ ಸಲ ಮಣ್ಣು ತಳ್ಳಿ, ಮೇಲೆ ರೋಲರ್ ಓಡಿಸಿದರೆ ಗಟ್ಟಿಯಾಗುವುದು ಮೇಲಿನ ಭಾಗ ಮಾತ್ರ. ಆಳಕ್ಕೆ ಇಳಿದಂತೆ ಒತ್ತಡ ಹರಡಿ ಕಡಿಮೆಯಾಗುತ್ತದೆ. ಕಿರಿದಾದ ಗುಂಡಿಯಲ್ಲಿ ಎರಡೂ ಬದಿಯ ಗೋಡೆಗಳು ಸ್ವಲ್ಪ ಭಾರ ತಡೆದುಕೊಳ್ಳುತ್ತವೆ, ಹಾಗಾಗಿ ತಳಕ್ಕೆ ಇನ್ನೂ ಕಡಿಮೆ ತಲುಪುತ್ತದೆ. ಅದಕ್ಕೇ ಸುಮಾರು 150 ಮಿ.ಮೀ. ಪದರ ಹಾಕಿ, ಕೈಯಲ್ಲಿ ಹಿಡಿಯುವ ರ‍್ಯಾಮರ್‌ನಿಂದ ದಮ್ಮಸ್ಸು ಮಾಡಿ, ಅಂದರೆ ಬಡಿದು ಗಟ್ಟಿಮಾಡಿ, ಆಮೇಲೆ ಮುಂದಿನ ಪದರ. ಸುಮ್ನೆ ನೀರು ಬಿಟ್ಟು ಕೂರಿಸುವುದು ಮರಳಿಗೆ ಸ್ವಲ್ಪ ನಡೆಯುತ್ತದೆ. ನಮ್ಮ ಜೇಡಿ ಬೆರೆತ ಕೆಂಪು ಮಣ್ಣಿಗೆ ನಡೆಯುವುದಿಲ್ಲ, ಕೆಸರಾಗುತ್ತದೆ ಅಷ್ಟೇ.

ಎಲ್ಲರೂ ಎಡವುವ ಜಾಗ: ಒಣ ಸಾಂದ್ರತೆ

ಬೇರೆ ಬೇರೆ ತೇವಾಂಶದಲ್ಲಿ ಮಣ್ಣನ್ನು ಬಡಿದು ನೋಡುವ ಲ್ಯಾಬಿನ ಪ್ರಾಕ್ಟರ್ ಪರೀಕ್ಷೆ ಎರಡು ಅಂಕಿ ಕೊಡುತ್ತದೆ: ಗರಿಷ್ಠ ಒಣ ಸಾಂದ್ರತೆ, ಅದು ಸಿಗುವ ತೇವಾಂಶ. ಸೈಟಿನಲ್ಲಿ ಮಣ್ಣಿನ ತುಂಡು ಕತ್ತರಿಸಿ ತೆಗೆಯುವ ಕೋರ್ ಕಟರ್ ಅಥವಾ ತೋಡಿದ ಗುಂಡಿಗೆ ಮರಳು ತುಂಬಿ ಗಾತ್ರ ಅಳೆಯುವ ಸ್ಯಾಂಡ್ ರಿಪ್ಲೇಸ್‌ಮೆಂಟ್‌ನಿಂದ ಸಿಗುವುದು ಹಸಿ ಸಾಂದ್ರತೆ. ಇವೆರಡನ್ನು ನೇರವಾಗಿ ಹೋಲಿಸಬಾರದು.

ಲ್ಯಾಬಿನ ಗರಿಷ್ಠ 1.90 ಗ್ರಾಂ/ಸಿಸಿ ಅಂದುಕೊಳ್ಳಿ. ಸೈಟಿನಲ್ಲಿ ಸಿಕ್ಕ ಹಸಿ ಸಾಂದ್ರತೆ 1.95, ತೇವಾಂಶ 12%. 1.95ನ್ನು 1.90ರಿಂದ ಭಾಗಿಸಿದರೆ 102.6% ಬರುತ್ತದೆ. ನೋಡಲು ಖುಷಿ, ಅಲ್ವಾ? ಆದರೆ ಅದರೊಳಗೆ ನೀರಿನ ತೂಕವೂ ಸೇರಿದೆ. ಭಾರ ಹೊರುವುದು ಮಣ್ಣಿನ ಕಣಗಳು, ಹಾಗಾಗಿ ನೀರನ್ನು ತೆಗೆದೇ ಲೆಕ್ಕ ಹಾಕಬೇಕು.

ಒಣ ಸಾಂದ್ರತೆ = ಹಸಿ ಸಾಂದ್ರತೆ ÷ (1 + ತೇವಾಂಶ)
= 1.95 ÷ 1.12 = 1.74

12% ಅಂದರೆ 0.12. ಈ ತೇವಾಂಶ ಒಣ ಮಣ್ಣಿನ ತೂಕಕ್ಕೆ ಹೋಲಿಸಿ ಅಳೆದದ್ದು. ಅದಕ್ಕೇ 1.12ರಿಂದ ಭಾಗಿಸುತ್ತೇವೆ. 0.88ರಿಂದ ಗುಣಿಸಿದರೆ 1.72 ಬರುತ್ತದೆ, ಉತ್ತರ ತಪ್ಪು. ಇಲ್ಲಿ ನಿಧಾನವಾಗಿ ಓದಿ, ಪರೀಕ್ಷೆಯಲ್ಲಿ ಅಂಕ ಹೋಗುವುದೇ ಇಲ್ಲಿ.

ಈಗ 1.74 ÷ 1.90 = ಸುಮಾರು 91.6%. ರಸ್ತೆಯ ಪದರಗಳ ಕೆಳಗಿನ ಮಣ್ಣಿಗೆ, ಅಂದರೆ ಸಬ್‌ಗ್ರೇಡ್‌ಗೆ, ಕೇಂದ್ರ ರಸ್ತೆ ಸಚಿವಾಲಯದ ನಿರ್ದಿಷ್ಟತೆ ಕೇಳುವುದು ಕನಿಷ್ಠ 97%. ಪಾಸಾದಂತೆ ಕಂಡದ್ದು ಫೇಲ್.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಅಡ್ಡದಾರಿ ಇದೆ:

ಕುಸಿತ ≈ ಆಳ × (1 − ಸಿಕ್ಕ % ÷ ಬೇಕಾದ %)

1 ಮೀಟರ್ ತುಂಬಿದ ಗುಂಡಿಗೆ 1000 × (1 − 91.6 ÷ 97), ಅಂದರೆ ಹೆಚ್ಚೂಕಡಿಮೆ 56 ಮಿ.ಮೀ. ಮಣ್ಣು ಬರೀ 85% ಇದ್ದರೆ 124 ಮಿ.ಮೀ. ವಾಹನ ಓಡಿ, ಮಳೆ ಬಿದ್ದು, ಮಣ್ಣು ಕೊನೆಗೆ 97% ತಲುಪಿದರೆ ಆಗುವ ಕುಸಿತ ಇದು. ಮಣ್ಣು ಅಷ್ಟಕ್ಕೆ ಬಾರದಿದ್ದರೆ ಕುಸಿತವೂ ಕಡಿಮೆ. ರಸ್ತೆಯಲ್ಲಿ ಕಾಣುವ ತಗ್ಗನ್ನು ದಮ್ಮಸ್ಸಿನ ಕೊರತೆಯ ಜೊತೆ ಜೋಡಿಸಲು ಇದಕ್ಕಿಂತ ಸುಲಭ ದಾರಿ ಇನ್ನೊಂದಿಲ್ಲ.

ಅಗೆಯದೇ ಮಾಡುವುದು

ರಸ್ತೆ ದಾಟಿಸಲು ನೆಲದಡಿ ಅಡ್ಡಲಾಗಿ ಕೊರೆಯುವ ಎಚ್‌ಡಿಡಿ (ಹಾರಿಜಾಂಟಲ್ ಡೈರೆಕ್ಷನಲ್ ಡ್ರಿಲ್ಲಿಂಗ್) ಯಂತ್ರ ಒಳ್ಳೆಯದು. ಎರಡು ಬದಿ ಚಿಕ್ಕ ಗುಂಡಿ ತೋಡಿ, ನಡುವೆ ಕೊರೆದು ಪೈಪ್ ಎಳೆಯುತ್ತಾರೆ. ಹೊಸ ರಸ್ತೆಯಾದರೆ ಕಟ್ಟುವಾಗಲೇ ಡಕ್ಟ್ (ಕೇಬಲ್ ತೂರಿಸುವ ಖಾಲಿ ಕೊಳವೆ) ಇಟ್ಟಿರಬೇಕು, ಆಮೇಲೆ ಡಾಂಬರು ಮುಟ್ಟುವ ಕೆಲಸವೇ ಇಲ್ಲ.

ಮೇಲಿನ ಪದರ

ಅಗೆಯಲೇಬೇಕಾದರೆ ಡಾಂಬರನ್ನು ಕಟರ್‌ನಿಂದ ನೇರವಾಗಿ ಕತ್ತರಿಸಬೇಕು. ಮುಚ್ಚುವಾಗ ಗುಂಡಿಗಿಂತ ಎರಡೂ ಕಡೆ ಸ್ವಲ್ಪ ಅಗಲವಾಗಿ ಡಾಂಬರು ತೆಗೆದು ಹೊಸದು ಹಾಕಬೇಕು, ಯಾಕೆಂದರೆ ಅಗೆಯುವಾಗ ಅಂಚಿನ ಜಲ್ಲಿಯೂ ಸಡಿಲಾಗಿರುತ್ತದೆ. ಕತ್ತರಿಸಿದ ಅಂಚಿಗೂ ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದನ್ನು ಅಂಟಿಸುವ ತೆಳು ಡಾಂಬರು ಲೇಪ) ಬಳಿಯಬೇಕು. ಬಳಿಯದಿದ್ದರೆ ಆ ಸಂದಿಯಲ್ಲಿ ನೀರಿಳಿದು, ಚೆನ್ನಾಗಿ ದಮ್ಮಸ್ಸು ಮಾಡಿದ ಮಣ್ಣೂ ಮೆತ್ತಗಾಗುತ್ತದೆ.