ಬಿಳಿ ಚೆಂಡು ಪಾಕೆಟ್ಟಿಗೆ ಬೀಳುವುದು ನಸೀಬಿನಿಂದಲ್ಲ

ಬಟ್ಟೆ ಹೊದಿಸಿದ ಮೇಜಿನ ಮೇಲೆ ಕೋಲಿನಿಂದ ಬಿಳಿ ಚೆಂಡು ಹೊಡೆದು ಬಣ್ಣದ ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸುವ ಪೂಲ್ ಆಟ ಕಲಿಯುವ ಹೊಸಬರನ್ನು ಅತಿ ಹೆಚ್ಚು ಕಂಗೆಡಿಸುವ ಹೊಡೆತ ಗುರಿ ತಪ್ಪಿದ್ದಲ್ಲ, ಗುರಿ ಮುಟ್ಟಿದ್ದು. ಬಣ್ಣದ ಚೆಂಡು ಲೆಕ್ಕ ಹಾಕಿದಂತೆಯೇ ಮೂಲೆಯ ಪಾಕೆಟ್ಟಿಗೆ ಬೀಳುತ್ತದೆ. ಅದರ ಬೆನ್ನಿಗೇ ಬಿಳಿ ಚೆಂಡೂ ನಿಧಾನವಾಗಿ ಸಾಗಿ ಅದೇ ಪಾಕೆಟ್ಟಿಗೆ ಇಳಿಯುತ್ತದೆ. ಫೌಲ್. "ಮಾಮಾ, ಇವತ್ತು ನಸೀಬೇ ಸರಿಯಿಲ್ಲ" ಎನ್ನುತ್ತಾನೆ ಹುಬ್ಬಳ್ಳಿಯಿಂದ ಬಂದು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ. ಮುಂದಿನ ಆಟಕ್ಕೆ ಅವನು ಕ್ಯೂ, ಅಂದರೆ ಹೊಡೆಯುವ ಕೋಲು, ಬದಲಿಸುತ್ತಾನೆ. ಕೋಥ್ರೂಡ್‌ನ ಆ ಪಾರ್ಲರಿನ ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿರುತ್ತವೆ. ಅದು ಅಂಗಡಿಯವರ ನಂಬಿಕೆ, ಇರಲಿ. ನನಗೆ ತಲೆ ಕೆಡುವುದು ಒಳಗಿರುವವರಿಂದ. ಉರುಳುವ ಗೋಳದ ಲೆಕ್ಕ ಬಿಡಿಸಿ ಎಂಜಿನಿಯರಿಂಗ್ ಪಾಸಾದವರು ಕಣ್ಣೆದುರೇ ಗೋಳ ಉರುಳುವಾಗ ಹಣೆಬರಹದ ಮಾತಾಡುತ್ತಾರೆ.

ಈ ಗೊಂದಲಕ್ಕೆ ಕೇರಂ ಆಟವೂ ಒಂದಿಷ್ಟು ಕಾರಣ ಎಂಬುದು ನನ್ನ ಗುಮಾನಿ. ನಮ್ಮಲ್ಲಿ ಬಹುತೇಕರ ಕೈ ಪಳಗಿದ್ದು ಆ ಹಲಗೆಯ ಮೇಲೆ. ಅಲ್ಲಿ ಕಾಯಿಯ ತೂಕ ಐದು ಗ್ರಾಮಿಗೆ ತುಸು ಹೆಚ್ಚು. ಸ್ಟ್ರೈಕರ್ 15 ಗ್ರಾಂವರೆಗೆ ಇರಬಹುದು. ಭಾರವಾದದ್ದು ಹಗುರವಾದದ್ದಕ್ಕೆ ನೇರವಾಗಿ ಬಡಿದರೆ ತಾನೂ ಮುಂದೆ ಸಾಗುತ್ತದೆ. ಹಾಗಾಗಿ ಕಾಯಿಯ ಹಿಂದೆ ಸ್ಟ್ರೈಕರ್ ಹೋದರೆ ಯಾರಿಗೂ ಆಶ್ಚರ್ಯವಿಲ್ಲ. ಪೂಲ್‌ನಲ್ಲಿ ಎಲ್ಲ ಚೆಂಡುಗಳ ವ್ಯಾಸವೂ 57.15 ಮಿಲಿಮೀಟರ್; ತೂಕವೂ ಹೆಚ್ಚುಕಡಿಮೆ ಒಂದೇ. ಸಮಾನ ತೂಕದ ಎರಡು ಚೆಂಡುಗಳಲ್ಲಿ ಒಂದು ನಿಂತಿರುವ ಇನ್ನೊಂದಕ್ಕೆ ನೇರವಾಗಿ ಬಡಿದರೆ ಮೊದಲನೆಯದು ತನ್ನ ವೇಗವನ್ನೆಲ್ಲ ಎರಡನೆಯದಕ್ಕೆ ಕೊಟ್ಟು ನಿಂತುಬಿಡಬೇಕು. ಹಾಗಿದ್ದರೆ ಬಿಳಿ ಚೆಂಡು ಹಿಂದೆಯೇ ಹೋದದ್ದು ಯಾವ ಬಲದ ಮೇಲೆ?

ಕೇರಂ ಸ್ಟ್ರೈಕರ್ ಜನ್ಮದಲ್ಲಿ ಉರುಳುವುದಿಲ್ಲ, ಜಾರುತ್ತದಷ್ಟೆ. ಪೂಲ್ ಚೆಂಡು ಎರಡನ್ನೂ ಮಾಡುತ್ತದೆ. ನಡುಮಧ್ಯಕ್ಕೆ ಹೊಡೆದಾಗ ಮೊದಲು ಅದು ಜಾರುತ್ತದೆ, ಒಂದಿಷ್ಟೂ ತಿರುಗದೆ. ಕೆಳಗಿನ ಬಟ್ಟೆಯ ಘರ್ಷಣೆ ಅದನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ಚೆಂಡಿನ ತಳದಲ್ಲಿ ನಡೆಯುವುದರಿಂದ ವೇಗ ಕುಗ್ಗುತ್ತಾ ಹೋದಂತೆ ಚೆಂಡು ಮುಂದಕ್ಕೆ ತಿರುಗತೊಡಗುತ್ತದೆ. ವೇಗ ಮೊದಲಿದ್ದುದರ ಏಳರಲ್ಲಿ ಐದು ಪಾಲಿಗೆ ಇಳಿದ ಕ್ಷಣದಲ್ಲಿ ತಿರುಗುವಿಕೆಯೂ ಚಲನೆಯೂ ಸರಿಹೊಂದಿ ಜಾರುವುದು ನಿಲ್ಲುತ್ತದೆ. ಅಲ್ಲಿಂದಾಚೆ ಅದು ಉರುಳುವ ಚೆಂಡು. ಈ ಐದು ಪಾಲು ನನಗೆ ಯಾವಾಗಲೂ ಖುಷಿ ಕೊಡುವ ಲೆಕ್ಕ, ಏಕೆಂದರೆ ಅದರಲ್ಲಿ ಬಟ್ಟೆಯ ಪ್ರಸ್ತಾಪವೇ ಇಲ್ಲ. ಹೊಸ ಬಟ್ಟೆಯಾಗಲಿ, ಸವೆದು ತೇಪೆ ಬಿದ್ದದ್ದಾಗಲಿ, ಉತ್ತರ ಒಂದೇ. ಬಟ್ಟೆ ತೀರ್ಮಾನಿಸುವುದು ಆ ಘಳಿಗೆ ಎಷ್ಟು ದೂರದಲ್ಲಿ ಬರುತ್ತದೆ ಎಂಬುದನ್ನು ಮಾತ್ರ. ಬಟ್ಟೆಯ ಹಿಡಿತವನ್ನು ಅಳೆಯುವ ಘರ್ಷಣಾಂಕ 0.2 ಎಂದಿಟ್ಟುಕೊಂಡರೆ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟ ಚೆಂಡು ಸುಮಾರು ಅರ್ಧ ಮೀಟರ್ ಜಾರುತ್ತದೆ. ವೇಗ ಅರ್ಧವಾದರೆ ಜಾರುವ ದೂರ ಕಾಲು ಭಾಗಕ್ಕೆ, ಅಂದರೆ ಹನ್ನೆರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ.

ಈಗ ಆ ಫೌಲ್‌ಗೆ ಬರೋಣ. ಉರುಳುತ್ತಾ ಬಂದ ಬಿಳಿ ಚೆಂಡು ನೇರವಾಗಿ ಬಡಿದಾಗ ಮುಂದಿನ ಚೆಂಡಿಗೆ ದಾಟುವುದು ಅದರ ಚಲನೆ ಮಾತ್ರ. ತಿರುಗುವಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಯವಾದ ಎರಡು ಚೆಂಡುಗಳ ನಡುವೆ ಅದು ದಾಟಿಹೋಗುವಷ್ಟು ಹಿಡಿತವಿಲ್ಲ. ಒಂದು ಕ್ಷಣ ಬಿಳಿ ಚೆಂಡು ನಿಂತಲ್ಲೇ ಗಿರಗಿರನೆ ತಿರುಗುತ್ತದೆ, ಆಮೇಲೆ ಬಟ್ಟೆಯ ಹಿಡಿತ ಸಿಕ್ಕಿ ಮತ್ತೆ ಮುಂದೆ ಹೊರಡುತ್ತದೆ. ಬಡಿಯುವ ಮೊದಲಿದ್ದ ವೇಗದ ಏಳರಲ್ಲಿ ಎರಡು ಪಾಲು ಅದಕ್ಕೆ ಮರಳಿ ಸಿಗುತ್ತದೆ. ಪಾಕೆಟ್ ಹತ್ತಿರವಿದ್ದರೆ ಅಷ್ಟು ಸಾಕು.

ಇದನ್ನು ನಂಬಲು ನನ್ನ ಮಾತು ಬೇಡ. ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡೊಂದನ್ನು ಇಟ್ಟುಕೊಳ್ಳಿ. ಪಟ್ಟೆ ನೆಲಕ್ಕೆ ಸಮಾನಾಂತರವಾಗಿ ಸುತ್ತುವರಿದಿರಲಿ. ಮೊಬೈಲಿನ ನಿಧಾನಗತಿಯ ವಿಡಿಯೊ ಹಾಕಿ ನಡುಮಧ್ಯಕ್ಕೆ ಗಟ್ಟಿಯಾಗಿ ಹೊಡೆಯಿರಿ. ಮೊದಲು ಪಟ್ಟೆ ಅಲುಗುವುದೇ ಇಲ್ಲ. ಬಳಿಕ ಮುಂಭಾಗ ತುಸು ಬಾಗುತ್ತದೆ. ಒಂದೆರಡು ಗೇಣು ಕಳೆಯುವಷ್ಟರಲ್ಲಿ ಪಟ್ಟೆ ಪೂರ್ತಿ ಮಗುಚಿಕೊಳ್ಳತೊಡಗುತ್ತದೆ. ನನ್ನ ಸೋದರಳಿಯ ಆ ವಿಡಿಯೊ ನೋಡಿದ ಮೇಲೆ ಕ್ಯೂ ಬದಲಿಸುವುದನ್ನು ಬಿಟ್ಟ. ಈಗ ಕ್ಯೂವಿನ ತುದಿಗೆ ಹಚ್ಚುವ ಚಾಕ್ ಅನ್ನು ದೂರುತ್ತಾನೆ.

ಚಾಕ್‌ಗೂ ಒಂದು ಕಥೆಯಿದೆ. ಆ ನೀಲಿ ತುಂಡಿನಲ್ಲಿ ಸೀಮೆಸುಣ್ಣವೇ ಇಲ್ಲ. 1897ರಲ್ಲಿ ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ಚಾಕ್ ಸಿಲಿಕಾ ಮತ್ತು ಕೊರಂಡಮ್ ಎಂಬ ಗಟ್ಟಿ ಕಲ್ಲಿನ ಪುಡಿಯ ಮಿಶ್ರಣ. ಕ್ಯೂವಿನ ಚರ್ಮದ ತುದಿ ಚೆಂಡಿನ ಮೇಲೆ ಜಾರದಂತೆ ಹಿಡಿಯುವುದು ಅದರ ಕೆಲಸ. ಹೊಡೆತದ ಬಿಂದು ಕೇಂದ್ರದಿಂದ ತ್ರಿಜ್ಯದ ಅರ್ಧದಷ್ಟು, ಅಂದರೆ ಸುಮಾರು 14 ಮಿಲಿಮೀಟರ್ ದಾಟಿದರೆ, ಎಂಥ ಚಾಕ್ ಹಚ್ಚಿದ್ದರೂ ತುದಿ ಜಾರುವುದು ಹೆಚ್ಚುಕಡಿಮೆ ಖಚಿತ.

ಈ ಆಟವನ್ನು ಗಣಿತಕ್ಕೆ ಒಗ್ಗಿಸಿದವರು ಫ್ರಾನ್ಸಿನ ಕೊರಿಯೊಲಿಸ್. ಮಾರುತಗಳು ಏಕೆ ವಾಲಿ ಬೀಸುತ್ತವೆ ಎಂಬ ಪಾಠದಲ್ಲಿ ಬರುವ ಅದೇ ಕೊರಿಯೊಲಿಸ್. 1835ರಲ್ಲಿ ಅವರು ಬಿಲಿಯರ್ಡ್ಸ್ ಚೆಂಡಿನ ಚಲನೆಯ ಮೇಲೆಯೇ ಒಂದು ಇಡೀ ಪುಸ್ತಕ ಬರೆದರು. ಸ್ಪಿನ್ ಪಡೆದ ಚೆಂಡು ಜಾರುವಷ್ಟು ಹೊತ್ತು ಪರವಲಯದ (ಎಸೆದ ಕಲ್ಲಿನ ಹಾದಿಯಂತೆ ಬಾಗಿದ) ದಾರಿ ಹಿಡಿದು, ಉರುಳಲು ತೊಡಗಿದ ಮೇಲೆ ನೇರ ಹೋಗುತ್ತದೆ ಎಂದು ತೋರಿಸಿದರು. ನಮ್ಮ ಕಡೆಯ ಪಾಂಡಿತ್ಯ ಬೇರೆ ತರಹದ್ದು. 1958ರಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದ ವಿಲ್ಸನ್ ಜೋನ್ಸ್ ಹುಟ್ಟಿದ್ದು ಪುಣೆಯಲ್ಲಿ. ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಹುಟ್ಟಿದ್ದೂ ಪುಣೆಯಲ್ಲಿ. ಆದ್ದರಿಂದ ಇಲ್ಲಿನ ನೀರಿನಲ್ಲೇ ಏನೋ ಇದೆ ಎನ್ನುವವರು ಸಿಗುತ್ತಾರೆ. ಅಡ್ವಾಣಿ ಆಟ ಕಲಿತದ್ದು ಬೆಂಗಳೂರಿನಲ್ಲಿ ಎಂದರೆ ಆ ಸಿದ್ಧಾಂತ ಅಲ್ಲಿಗೇ ನಿಲ್ಲುತ್ತದೆ.

ಕಲಿಯುವವರಿಗೆ ಇಷ್ಟರಿಂದ ಏನು ಲಾಭ? ಬಡಿಯುವ ಕ್ಷಣದಲ್ಲಿ ಬಿಳಿ ಚೆಂಡು ಜಾರುತ್ತಿದೆಯೋ ಉರುಳುತ್ತಿದೆಯೋ ಎಂಬುದನ್ನು ಅರಿತರೆ ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಬಹುದು. ಓರೆಯಾಗಿ ಬಡಿದಾಗ, ಜಾರುತ್ತಿದ್ದರೆ ಎರಡೂ ಚೆಂಡುಗಳು ಸುಮಾರು 90 ಡಿಗ್ರಿ ಕೋನದಲ್ಲಿ ಬೇರೆಯಾಗುತ್ತವೆ. ಉರುಳುತ್ತಿದ್ದರೆ, ತೀರ ನೇರವೂ ಅಲ್ಲದ, ತೀರ ಅಂಚೂ ಅಲ್ಲದ ಹೊಡೆತಗಳಲ್ಲಿ ಬಿಳಿ ಚೆಂಡು ತನ್ನ ಮೊದಲ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಕೇಂದ್ರಕ್ಕಿಂತ ಕೆಳಗೆ ಹೊಡೆದರೆ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ. ಬಟ್ಟೆ ಆ ತಿರುಗುವಿಕೆಯನ್ನು ತಿನ್ನುತ್ತಾ ಬರುತ್ತದೆ. ಅದು ಪೂರ್ತಿ ಮುಗಿದ ಜಾಗದಲ್ಲೇ ಮುಂದಿನ ಚೆಂಡಿಗೆ ನೇರವಾಗಿ ಬಡಿದರೆ ಬಿಳಿ ಚೆಂಡು ಅಲ್ಲೇ ನಿಲ್ಲುತ್ತದೆ. ಇದೇ ಸ್ಟಾಪ್ ಶಾಟ್. ಒಂದು ಅಡಿ ದೂರದಿಂದ ಇದನ್ನು ಸಾಧಿಸಿ, ನಂತರ ಎರಡು ಅಡಿ, ಮೂರು ಅಡಿಗೆ ಹೋಗಿ. ದೂರ ಹೆಚ್ಚಿದಂತೆ ಇನ್ನಷ್ಟು ಕೆಳಗೆ ಅಥವಾ ಇನ್ನಷ್ಟು ಗಟ್ಟಿಯಾಗಿ ಹೊಡೆಯಬೇಕು ಎಂಬುದು ಕೈಗೇ ತಿಳಿಯುತ್ತದೆ.

ಪಕ್ಕಕ್ಕೆ ಹೊಡೆದು ಸ್ಪಿನ್ ಕೊಡುವ ಚಪಲವನ್ನು ಕೆಲವು ತಿಂಗಳು ಅದುಮಿಡಿ. ಬಿಳಿ ಚೆಂಡು ಒಂದು ಮೀಟರ್ ಸಾಗಿ ಬಡಿಯುವಾಗ ನಿಮ್ಮ ಗುರಿ 1 ಡಿಗ್ರಿ ತಪ್ಪಿದ್ದರೆ ಅದು 17 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ನೇರ ಹೊಡೆತದಲ್ಲಿ ಅಷ್ಟೇ ಸಾಕು, ಬಣ್ಣದ ಚೆಂಡು ಸುಮಾರು 18 ಡಿಗ್ರಿ ಅಡ್ಡದಾರಿ ಹಿಡಿಯುತ್ತದೆ. ಕ್ಯೂ ನೇರ ಹೋಗುವುದನ್ನೇ ಇನ್ನೂ ಕಲಿಯದವರು ಸ್ಪಿನ್‌ನಿಂದಾಗುವ ಓರೆಯನ್ನೂ ಅದಕ್ಕೆ ಸೇರಿಸಿಕೊಂಡರೆ ಯಾವ ತಪ್ಪು ಯಾವುದರಿಂದ ಆಯಿತೆಂದು ಪತ್ತೆಯೇ ಆಗದು.

ಪುಣೆಯಲ್ಲಿ ಆಡುವವರಿಗೆ ಇನ್ನೊಂದು ಮಾತು. ಜುಲೈ ತಿಂಗಳಲ್ಲಿ, ಅದರಲ್ಲೂ ಏಸಿ ಇಲ್ಲದ ಪಾರ್ಲರುಗಳಲ್ಲಿ, ಬಟ್ಟೆ ತೇವ ಹೀರಿ ಚೆಂಡನ್ನು ಹೆಚ್ಚು ಹಿಡಿಯುತ್ತದೆ. ಏಳರಲ್ಲಿ ಐದು ಪಾಲು ಆಗಲೂ ಬದಲಾಗುವುದಿಲ್ಲ. ಜಾರುವ ದೂರ ಮಾತ್ರ ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ ಮೂರು ಅಡಿಗೆ ಸರಿಹೋಗುತ್ತಿದ್ದ ಸ್ಟಾಪ್ ಶಾಟ್ ಆಗ ಬಿಳಿ ಚೆಂಡನ್ನು ಮುಂದಕ್ಕೆ ಉರುಳಿಸುತ್ತದೆ. ಅದೇ ಬಲವಿದ್ದರೆ ಕ್ಯೂವಿನ ತುದಿಯನ್ನು ಒಂದೆರಡು ಮಿಲಿಮೀಟರ್ ಕೆಳಗಿಳಿಸಿ.