ಡಿಕ್ಕಿ ಸ್ವಿಚ್ ಒತ್ತಿದ್ರೆ ಟಿಕ್ ಅನ್ನುತ್ತೆ, ಡಿಕ್ಕಿ ಮಾತ್ರ ತೆಗೆಯಲ್ಲ: ಮೀಟರ್ 12 ವೋಲ್ಟ್ ತೋರಿಸ್ದಾಗ ಏನು ನೋಡ್ಬೇಕು

ಪುಷ್ಯ ಮಳೆ ಬಿಡದೆ ಹೊಡೀತಿತ್ತು, ಸಾಗರದ ಮಂಡಿಗೆ ಹೊರಟಿದ್ದ ದೊಡ್ಡಪ್ಪನ ಕಾರಿನ ಡಿಕ್ಕೀಲಿ ಎರಡು ಚೀಲ ಅಡಿಕೆ, ಡಿಕ್ಕಿ ತೆಗೀತಾನೇ ಇಲ್ಲ. ನಂಬರ್ ಪ್ಲೇಟ್ ಮೇಲಿರೋ ರಬ್ಬರ್ ಸ್ವಿಚ್ ಒತ್ತಿದ್ರೂ ಇಲ್ಲ, ರಿಮೋಟ್ ಒತ್ತಿದ್ರೂ ಇಲ್ಲ. ಕೀ ಹಾಕಿ ತಿರುಗಿಸಿದ್ರೆ ತೆಗೆಯುತ್ತೆ, ಹಂಗಾಗಿ ಅಡಿಕೆ ಮಂಡಿಗೆ ಹೋಯ್ತು, ಸಂಜೆ ಕಾರು ನನ್ನ ಹತ್ರ ಬಂತು. ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಯ್ತು. ಈ ಒಂದು ಫಾಲ್ಟ್‌ಗೆ ಎರಡೂವರೆ ದಿನ ಹಿಡೀತು, ಅದ್ರಲ್ಲಿ ಎರಡು ದಿನ ಪೂರ್ತಿ ಒಂದೇ ತಪ್ಪು ತಿಳುವಳಿಕೆಗೆ ಹೋಯ್ತು. ಅದು ತಲೇಲಿ ಗಟ್ಟಿಯಾಗ್ಲಿ ಅಂತ ಬರೀತಿದೀನಿ, ನೀವೂ ಕಲೀತಿದ್ರೆ ಆ ಎರಡು ದಿನ ನಿಮಗೆ ಉಳೀಲಿ.

ಸರ್ಕ್ಯೂಟ್ ಹೇಗಿದೆ

ಸ್ವಿಚ್ ಒತ್ತಿದ್ರೆ ಅದ್ರ ಮೂಲಕಾನೇ ಮೋಟರ್‌ಗೆ ಕರೆಂಟ್ ಹೋಗುತ್ತೆ ಅಂತ ನಾನು ಅಂದ್ಕೊಂಡಿದ್ದೆ, ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಹಂಗಿರಲ್ಲ. ರಬ್ಬರ್ ಕೆಳಗೆ ಒಂದು ಸಣ್ಣ ಮೈಕ್ರೋ ಸ್ವಿಚ್, ಅದಕ್ಕೆ ಎರಡು ವೈರ್. ಒಂದು ಅರ್ಥ್, ಅಂದ್ರೆ ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ, ಇನ್ನೊಂದು ಡ್ಯಾಶ್‌ಬೋರ್ಡ್ ಒಳಗಿರೋ ಬಾಡಿ ಕಂಟ್ರೋಲ್ ಮಾಡ್ಯೂಲ್‌ಗೆ, ಅಂದ್ರೆ ಬಿಸಿಎಂಗೆ. ಬಿಸಿಎಂ ಆ ವೈರ್ ಮೇಲೆ ಒಂದು ವೋಲ್ಟೇಜ್ ಇಟ್ಕೊಂಡು ಕಾಯ್ತಿರುತ್ತೆ, ನಾವು ಒತ್ತಿದಾಗ ಅದು ಸೊನ್ನೆ ಹತ್ರ ಬೀಳುತ್ತೆ. ಆಗ ಬಿಸಿಎಂ ಕಾರು ನಿಂತಿದೆಯಾ, ಲಾಕ್ ತೆಗೆದಿದೆಯಾ ಅಂತೆಲ್ಲ ನೋಡ್ಕೊಂಡು ಒಂದರ್ಧ ಸೆಕೆಂಡ್ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಬಿಡೋ ಸ್ವಿಚ್) ಆನ್ ಮಾಡುತ್ತೆ, ಡಿಕ್ಕಿ ಲಾಕ್ ಒಳಗಿನ ಪುಟ್ಟ ಮೋಟರ್ ತಿರುಗಿ ಕೊಕ್ಕೆ ಬಿಡುತ್ತೆ. ಅಂದ್ರೆ ಸ್ವಿಚ್ ವೈರಲ್ಲಿ ಹರಿಯೋದು ಮಿಲಿ ಆಂಪ್ ಲೆಕ್ಕ, ಮೋಟರ್ ವೈರಲ್ಲಿ ಆಂಪ್ ಲೆಕ್ಕ. ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ.

ಮೊದಲು ಕಿವಿ, ಆಮೇಲೆ ಮೀಟರ್

ರಿಮೋಟ್‌ಗೆ ತೆಗೆಯುತ್ತೆ, ರಬ್ಬರ್ ಸ್ವಿಚ್‌ಗೆ ತೆಗೆಯಲ್ಲ ಅಂದ್ರೆ ಫಾಲ್ಟ್ ಸ್ವಿಚ್ಚಲ್ಲಿ ಅಥವಾ ಅದ್ರ ವೈರಲ್ಲಿ. ಎರಡಕ್ಕೂ ತೆಗೆಯಲ್ಲ ಅಂದ್ರೆ ಎರಡೂ ಸೇರೋ ಕಡೆ ನೋಡ್ಬೇಕು: ಫ್ಯೂಸ್, ಬಿಸಿಎಂ, ರಿಲೇ, ಮೋಟರ್, ಅರ್ಥ್. ನಮ್ಮ ಕಾರಲ್ಲಿ ಎರಡರಲ್ಲಿ ಯಾವ್ದು ಒತ್ತಿದ್ರೂ ಡ್ಯಾಶ್‌ಬೋರ್ಡ್ ಒಳಗೆ ರಿಲೇ ಟಿಕ್ ಅಂತಿತ್ತು. ಹಂಗಾದ್ರೆ ಸ್ವಿಚ್ ಸರಿ ಇದೆ, ಬಿಸಿಎಂಗೆ ಮಾತು ಮುಟ್ಟಿದೆ, ಅದು ಹೂಂ ಅಂದಿದೆ. ಡಿಕ್ಕಿ ಲಾಕ್ ಹತ್ರ ಬರ್ಬೇಕಿದ್ದ ಟಕ್ ಅನ್ನೋ ಶಬ್ದ ಮಾತ್ರ ಇಲ್ಲ.

ಡಿಕ್ಕಿ ಮೇಲಿಟ್ಕೊಂಡೇ ಟೆಸ್ಟ್ ಮಾಡ್ಬೋದು. ಸ್ಕ್ರೂಡ್ರೈವರಲ್ಲಿ ಕೊಕ್ಕೆ ಒತ್ತಿ ಲಾಕ್ ಆಗೋ ಹಾಗೆ ಮಾಡಿ, ಆಮೇಲೆ ರಿಮೋಟ್ ಒತ್ತಿ ನೋಡೋದು. ಕೊಕ್ಕೆ ಬಿಡಿಸದೆ ಡಿಕ್ಕಿ ಬಡಿದು ಮುಚ್ಚಬೇಡಿ, ಲಾಕ್ ಮುರಿಯುತ್ತೆ.

12 ವೋಲ್ಟ್ ಬರ್ತಿದೆ, ಮೋಟರೂ ಸರಿ ಇದೆ, ಮತ್ಯಾಕೆ ತಿರುಗಲ್ಲ

ನಾನು ಸಿಕ್ಕಿಹಾಕ್ಕೊಂಡಿದ್ದು ಇಲ್ಲಿ. ಲಾಕ್‌ನ ಕಪ್ಲರ್, ಅಂದ್ರೆ ವೈರ್ ಸೇರಿಸೋ ಪ್ಲಗ್, ಬಿಚ್ಚಿ, ಮೀಟರ್‌ನ ಕೆಂಪು ಕಡ್ಡಿ ಪ್ಲಸ್ ಪಿನ್‌ಗೆ, ಕಪ್ಪು ಕಡ್ಡಿ ಅರ್ಥ್ ಪಿನ್‌ಗೆ ಹಿಡಿದು, ತಮ್ಮನ ಕೈಲಿ ರಿಮೋಟ್ ಒತ್ತಿಸಿದೆ. ಪಲ್ಸ್ ತುಂಬಾ ಚಿಕ್ಕದು, ಮೀಟರ್ ನಿಧಾನ, ಅದಕ್ಕೇ ಅತಿ ಹೆಚ್ಚು ಬಂದ ರೀಡಿಂಗ್ ಹಿಡಿದಿಡೋ ಮ್ಯಾಕ್ಸ್ ಬಟನ್ ಹಾಕಿಟ್ಕೊಂಡೆ. 12.4 ವೋಲ್ಟ್ ಬಂತು. ಬ್ಯಾಟರಿಯಲ್ಲೂ 12.4. ಪೂರ್ತಿ ವೋಲ್ಟೇಜ್ ಬಂದಿದೆ, ಹಂಗಾದ್ರೆ ಮೋಟರ್ ಹೋಗಿದೆ ಅಂತ ತೀರ್ಮಾನ ಮಾಡ್ದೆ. ಮೋಟರ್ ಬಿಚ್ಚಿ, ಫ್ಯೂಸ್ ಇರೋ ವೈರಲ್ಲಿ ಬೇರೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟೆ, ಟಕ್ ಅಂತ ಚುರುಕಾಗಿ ತಿರುಗ್ತು. ವಾಪಸ್ ಕಾರಿಗೆ ಹಾಕಿದ್ರೆ ಸತ್ತ ಹಾಗೆ ಕೂತಿದೆ. ಮೋಟರ್‌ನ ಅರ್ಥ್ ಆಗಿರೋ ಕಪ್ಪು ವೈರ್‌ಗೆ ಕಂಟಿನ್ಯೂಟಿ (ವೈರ್ ಕಟ್ಟಾಗಿಲ್ಲ ಅಂದ್ರೆ ಮೀಟರ್ ಬೀಪ್ ಮಾಡೋ ಟೆಸ್ಟ್) ಇಟ್ಟೆ, ಬೀಪ್ ಅಂತು. ವೋಲ್ಟೇಜ್ ಇದೆ, ಮೋಟರ್ ಇದೆ, ಅರ್ಥ್ ಇದೆ, ಆದ್ರೂ ತಿರುಗಲ್ಲ. ಒಂದೂವರೆ ದಿನ ಇದೇ ಮೂರು ಟೆಸ್ಟ್ ಮತ್ತೆ ಮತ್ತೆ ಮಾಡ್ತಾ ಕೂತಿದ್ದೆ.

ಅರ್ಥ ಆಗಿದ್ದು ಮನೆ ಹಿಂದಿನ ನಲ್ಲಿ ಹತ್ರ. ನಮ್ಮ ಕಡೆ ಗುಡ್ಡದ ಅಬ್ಬಿಯಿಂದ ಪೈಪ್ ಹಾಕಿ ಮನೆಗೆ ನೀರು ತರ್ತೀವಿ. ಮಳೆಗಾಲದಲ್ಲಿ ಪೈಪ್ ಒಳಗೆ ಎಲೆ, ಕೆಸರು ಕಟ್ಕೊಂಡ್ರೆ ಏನಾಗುತ್ತೆ? ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತೆ, ಯಾಕಂದ್ರೆ ನೀರು ಹರೀತಾನೇ ಇಲ್ಲ, ಕಸ ಏನನ್ನೂ ತಡೀಬೇಕಾಗಿಲ್ಲ. ನಲ್ಲಿ ತಿರುಗಿಸಿದ ತಕ್ಷಣ ಜುಳು ಜುಳು ಅಂತ ಒಂದು ಎಳೆ ನೀರು. ಕಪ್ಲರ್ ಬಿಚ್ಚಿ ಅಳೆಯೋದು ಅಂದ್ರೆ ನಲ್ಲಿ ಮುಚ್ಚಿ ಒತ್ತಡ ನೋಡೋದು.

ಲೆಕ್ಕ ಹಾಕಿದ್ರೆ ಇನ್ನೂ ಸ್ಪಷ್ಟ. ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್, ಅಂದ್ರೆ ಒಂದು ಕೋಟಿ ಓಮ್. ದಾರೀಲಿ ಎಲ್ಲೋ 18 ಓಮ್ ತುಕ್ಕು ಕೂತಿದೆ ಅಂತಿಟ್ಕೊಳ್ಳಿ. ಮೀಟರ್ ಮಾತ್ರ ಇದ್ದಾಗ ಹರಿಯೋ ಕರೆಂಟ್ 12.4 ಭಾಗಿಸು 1 ಕೋಟಿ, ಅಂದ್ರೆ 1.24 ಮೈಕ್ರೋ ಆಂಪ್. ಅದು 18 ಓಮ್‌ನಲ್ಲಿ ಬೀಳಿಸೋದು ಸುಮಾರು 22 ಮೈಕ್ರೋ ವೋಲ್ಟ್. 20 ವೋಲ್ಟ್ ರೇಂಜ್‌ನಲ್ಲಿ ನನ್ನ ಮೀಟರ್ ತೋರಿಸೋ ಕೊನೇ ಅಂಕಿ 0.01 ವೋಲ್ಟ್, ಅದಕ್ಕೆ ಈ 22 ಮೈಕ್ರೋ ವೋಲ್ಟ್ ಕಾಣೋದೇ ಇಲ್ಲ. ಈಗ ಮೀಟರ್ ಜಾಗಕ್ಕೆ 2 ಓಮ್ ಮೋಟರ್ ಹಾಕಿ. ಒಟ್ಟು 20 ಓಮ್, ಕರೆಂಟ್ ಸುಮಾರು 0.6 ಆಂಪ್, ಮೋಟರ್‌ಗೆ ಸಿಗೋದು 1.2 ವೋಲ್ಟ್, ಉಳಿದಿದ್ದೆಲ್ಲ ತುಕ್ಕು ತಿನ್ನುತ್ತೆ. ಅದೇ ವೈರ್, ಅದೇ ಬ್ಯಾಟರಿ. ಮೀಟರ್ ಸುಳ್ಳು ಹೇಳಿಲ್ಲ, ನಾನು ಕೇಳಿದ ಪ್ರಶ್ನೆ ಬೇರೆ ಆಗಿತ್ತು.

ಬೀಪ್ ಯಾಕೆ ಬಂತು? ಸುಮಾರು ಮೀಟರ್‌ಗಳು 30-50 ಓಮ್‌ಗಿಂತ ಕಡಿಮೆ ಇದ್ರೆ ಬೀಪ್ ಮಾಡ್ತವೆ, 18 ಓಮ್ ಅದ್ರೊಳಗೇ ಬಂತು. ಕಂಟಿನ್ಯೂಟಿ ಬೀಪ್ ಅಂದ್ರೆ ವೈರ್ ಪೂರ್ತಿ ಕಟ್ಟಾಗಿಲ್ಲ ಅಂತಷ್ಟೇ, ವೈರ್ ಚೆನ್ನಾಗಿದೆ ಅಂತಲ್ಲ. ಇದನ್ನ ನೋಟ್‌ಬುಕ್ಕಲ್ಲಿ ಎರಡು ಸಲ ಬರ್ಕೊಂಡಿದೀನಿ.

ಇನ್ನೊಂದು, ರಬ್ಬರ್ ಸ್ವಿಚ್ಚಿನ ಅರ್ಥೂ ಅದೇ ಕಪ್ಪು ವೈರಲ್ಲೇ ಹೋಗ್ತಿತ್ತು, ಮತ್ತೆ ಅದು ಹೆಂಗೆ ಕೆಲಸ ಮಾಡ್ತಿತ್ತು? ಅದ್ರಲ್ಲಿ ಹರಿಯೋದು ಹತ್ತು ಮಿಲಿ ಆಂಪ್ ಅಂದ್ಕೊಂಡ್ರೂ 18 ಓಮ್‌ನಲ್ಲಿ ಬೀಳೋದು 0.18 ವೋಲ್ಟ್, ಬಿಸಿಎಂಗೆ ಅದು ಸೊನ್ನೆ ಇದ್ದ ಹಾಗೇ. ಕೆಟ್ಟ ಅರ್ಥ್ ಒಂದೇ, ಸಣ್ಣ ಕರೆಂಟನ್ನ ದಾಟಿಸುತ್ತೆ, ದೊಡ್ಡ ಕರೆಂಟನ್ನ ಹಿಡಿದು ನಿಲ್ಲಿಸುತ್ತೆ.

ಹಂಗಾಗಿ ಅಳೆಯೋದು ಕಪ್ಲರ್ ಹಾಕಿದ್ದಾಗಲೇ. ಕಪ್ಲರ್ ಹಿಂಬದಿಯಿಂದ, ವೈರ್ ಒಳಗೆ ಹೋಗೋ ಜಾಗದಲ್ಲಿ ಸಣ್ಣ ಪಿನ್ ಜಾರಿಸಿ, ಮೂರು ಕಡೆ ನೋಡ್ದೆ, ಒಂದೊಂದಕ್ಕೂ ರಿಮೋಟ್ ಒತ್ತಿಸಿ. ಬ್ಯಾಟರಿ ಪ್ಲಸ್‌ನಿಂದ ಮೋಟರ್ ಪ್ಲಸ್‌ಗೆ 0.3 ವೋಲ್ಟ್. ಮೋಟರ್‌ನ ಎರಡು ತುದಿ ನಡುವೆ 1.2. ಮೋಟರ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 10.9. ಮೂರೂ ಕೂಡಿದ್ರೆ 12.4, ಬ್ಯಾಟರಿಯಷ್ಟೇ. ಪಿಯುಸೀಲಿ ಮಾರ್ಕ್ಸ್‌ಗೋಸ್ಕರ ಬರೆದಿದ್ದ ಕಿರ್ಚಾಫ್ ಲೂಪ್ ನಿಯಮ, 1845ರದ್ದು, ಅವತ್ತು ಡಿಕ್ಕಿ ಒಳಗೆ ಕೂತು ಕೂಡಿಸಿ ನೋಡಿದಾಗ ಮೊದಲ ಸಲ ನಂದು ಅನ್ನಿಸ್ತು. ಚೆನ್ನಾಗಿರೋ ಅರ್ಥ್‌ನಲ್ಲಿ 0.1, 0.2 ವೋಲ್ಟ್‌ಗಿಂತ ಜಾಸ್ತಿ ಬೀಳ್ಬಾರ್ದು. ಇಲ್ಲಿ 10.9. ಫಾಲ್ಟ್ ಅರ್ಥ್ ಕಡೆ, ಇನ್ನು ಅನುಮಾನ ಇಲ್ಲ.

ನಂಬರ್ ಪ್ಲೇಟ್ ಲೈಟ್ ಉಪಾಯ

ಇದು ನಂಗೆ ತುಂಬಾ ಇಷ್ಟ ಆದ ದಾರಿ. ಅರ್ಥ್ ಕೆಟ್ಟಿದೆ ಅಂತ ಗೊತ್ತಾಯ್ತು, ಎಲ್ಲಿ ಅಂತ ಹುಡುಕೋಕೆ ಅರ್ಧ ಸೆಕೆಂಡ್ ಪಲ್ಸ್ ಹಿಂದೆ ಎಷ್ಟು ಸಲ ಓಡೋದು? ವೈರಿಂಗ್ ಡಯಾಗ್ರಾಮ್ ನೋಡಿದ್ರೆ ಡಿಕ್ಕಿ ಬಾಗಿಲಿನ ಮೇಲಿರೋ ನಂಬರ್ ಪ್ಲೇಟ್ ಲೈಟ್ ಕೂಡ ಅದೇ ಕಪ್ಪು ವೈರಿಗೇ ಅರ್ಥ್ ಆಗಿದೆ. ಪಾರ್ಕಿಂಗ್ ಲೈಟ್ ಹಾಕಿದ್ರೆ ಅದು ಉರೀತಾನೇ ಇರುತ್ತೆ, ಅಂದ್ರೆ ನಿಲ್ಲದ ಲೋಡ್ ಪುಕ್ಕಟೆ ಸಿಕ್ತು. ಹಾಕಿ ನೋಡಿದ್ರೆ 5 ವ್ಯಾಟ್ ಬಲ್ಬ್ ಅರಿಶಿನ ಬಣ್ಣಕ್ಕೆ ಮಂಕಾಗಿ ಉರೀತಿತ್ತು. ಕೇಳಿದ್ರೆ ದೊಡ್ಡಪ್ಪ ಅಂದ್ರು, ಎರಡು ತಿಂಗಳಿಂದ ಹಂಗೇ ಇದೆ. ಮೊದಲೇ ಕೇಳಿದ್ರೆ ಮೊದಲ ದಿನವೇ ದಾರಿ ಸಿಗ್ತಿತ್ತು, ಅದಕ್ಕೇ ಈಗ ಯಾವ ಗಾಡಿ ಬಂದ್ರೂ ಅದೇ ಬಾಗಿಲಲ್ಲಿ ಬೇರೆ ಏನಾದ್ರೂ ಮಂಕಾಗಿದೆಯಾ ಅಂತ ಮೊದಲು ನೋಡ್ತೀನಿ.

ಕೆಂಪು ಕಡ್ಡಿ ಬಲ್ಬಿನ ಅರ್ಥ್ ಕಡೆಗೆ, ಕಪ್ಪು ಕಡ್ಡಿ ಕಾರಿನ ಬಾಡಿಯಲ್ಲಿ ಪೇಂಟ್ ಇಲ್ಲದ ಬೋಲ್ಟ್‌ಗೆ. 6.1 ವೋಲ್ಟ್, ಅಲುಗಾಡದೆ ನಿಂತಿದೆ. ಆಮೇಲೆ ಡಿಕ್ಕಿಯನ್ನ ಇಷ್ಟಿಷ್ಟೇ ಕೆಳಗಿಳಿಸಿದೆ. ಅರ್ಧಕ್ಕೆ ಬಂದಾಗ 6.8, ಇನ್ನೊಂಚೂರು ಇಳಿಸಿದ್ರೆ 0.4, ಬಲ್ಬ್ ಫಕ್ಕನೆ ಬೆಳ್ಳಗಾಯ್ತು, ಮತ್ತೆ ಎತ್ತಿದ್ರೆ ಮಂಕು. ಬಾಗಿಲು ಆಡಿದ ಹಾಗೆ ರೀಡಿಂಗ್ ಆಡ್ತಿದೆ ಅಂದ್ರೆ ಫಾಲ್ಟ್ ಬಾಗಿಲು ಮಡಚೋ ಕಡೆ, ಹಿಂಜ್ ಪಕ್ಕದ ರಬ್ಬರ್ ಕೊಳವೆ ಒಳಗೆ.

ಪಲ್ಸ್ ಇರೋ ಕಡೆ ಮೀಟರ್ ಬೇಡ ಅನ್ನಿಸಿದ್ರೆ ಮೋಟರ್ ಕಪ್ಲರ್‌ಗೆ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಹಾಕಿ ನೋಡ್ಬೋದು, ಅದು 12 ವೋಲ್ಟ್‌ಗೆ ಸುಮಾರು 1.75 ಆಂಪ್ ಎಳೆಯುತ್ತೆ, ಕೆಟ್ಟ ವೈರ್ ಇದ್ರೆ ಉರಿಯೋದೇ ಇಲ್ಲ. ಆದ್ರೆ ಆ ಬಲ್ಬನ್ನ ರಬ್ಬರ್ ಸ್ವಿಚ್ಚಿನ ವೈರಿಗೆ ಯಾವತ್ತೂ ಹಿಡೀಬೇಡಿ, ಅದು ಬಿಸಿಎಂಗೆ ಹೋಗೋ ಮಿಲಿ ಆಂಪ್ ವೈರ್, ಬಿಸಿಎಂ ಸುಟ್ರೆ ಕಷ್ಟ. ಏರ್‌ಬ್ಯಾಗ್‌ನ ಹಳದಿ ಕಪ್ಲರ್ ಹತ್ರ ಅಂತೂ ಬಲ್ಬೂ ಬೇಡ, ಮೀಟರೂ ಬೇಡ.

ಕೊಳವೆ ಬಿಚ್ಚಿದಾಗ

ಕಪ್ಪು ವೈರ್ ಹೊರಗಿಂದ ನೋಡಿದ್ರೆ ಏನೂ ಆಗಿಲ್ಲ, ಇನ್ಸುಲೇಷನ್ ಒಂದು ಬಿರುಕೂ ಇಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ, ಒಂದು ಕಡೆ ಮಾತ್ರ ರಬ್ಬರ್ ಬ್ಯಾಂಡ್ ತರ ಉದ್ದ ಆಯ್ತು. ಒಳಗೆ ತಾಮ್ರ ಇದ್ರೆ ಹಂಗೆ ಉದ್ದ ಆಗಲ್ಲ. ಸಿಪ್ಪೆ ಸುಲಿದ್ರೆ ಒಳಗೆ ಹಸಿರು ಪುಡಿ, ತುಂಡಾದ ಎಳೆಗಳ ತುದಿ ಒಂದಕ್ಕೊಂದು ತಾಗಿಯೂ ತಾಗದ ಹಾಗೆ ನಿಂತಿದ್ವು. ಬಾಗಿಲು ತೆಗೆದು ಹಾಕಿ ವರ್ಷಗಟ್ಟಲೆ ಮಡಚಿ ಮಡಚಿ ಎಳೆ ತುಂಡಾಗಿವೆ, ಕೊಳವೆಯ ಬಾಯಿ ಸಡಿಲ ಆಗಿ ಮಳೆ ನೀರು ಇಳಿದು ಉಳಿದಿದ್ದನ್ನ ತಿಂದಿದೆ. ಎಳೆದು ನೋಡೋ ಈ ಟೆಸ್ಟ್‌ಗೆ ಮೀಟರೇ ಬೇಡ, ಹಿಂಜ್ ಹತ್ರದ ಪ್ರತಿ ವೈರಿಗೂ ಮಾಡಿ. ನಂಗೆ ಮೂರನೇ ಬ್ರೇಕ್ ಲೈಟಿನ ವೈರೂ ಹಂಗೇ ಸಿಕ್ತು, ಅದು ಇನ್ನೂ ಕೈ ಕೊಟ್ಟಿರ್ಲಿಲ್ಲ.

ರಿಪೇರಿ ಬಗ್ಗೆ ಒಂದೇ ಮಾತು, ಮಡಚೋ ಜಾಗದಲ್ಲಿ ಬೆಸುಗೆ ಹಾಕ್ಬೇಡಿ. ಸೀಸ ಎಳೆಗಳ ಒಳಗೆ ಇಳಿದು ವೈರ್ ಕಡ್ಡಿ ತರ ಗಟ್ಟಿಯಾಗುತ್ತೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಕೊಳವೆಯ ಎರಡೂ ತುದಿ ದಾಟಿ ಆಚೆ ಕಟ್ ಮಾಡಿ, ಅಷ್ಟೇ ದಪ್ಪದ, ಸಣ್ಣ ಎಳೆಗಳಿರೋ ಮೆತ್ತನೆ ವೈರ್ ಒಂದೇ ತುಂಡಾಗಿ ಎಳೆದೆ. ಜಾಯಿಂಟ್ ಎರಡೂ ಹೊರಗೆ, ಕ್ರಿಂಪ್ ಮಾಡಿ (ಲೋಹದ ತೋಳಲ್ಲಿ ಒತ್ತಿ ಸೇರಿಸಿ) ಮೇಲೆ ಹೀಟ್ ಶ್ರಿಂಕ್, ಅಂದ್ರೆ ಬಿಸಿಗೆ ಬಿಗಿಯಾಗೋ ಕೊಳವೆ, ಹಾಕಿದೆ.

ಮತ್ತೆ ಅಳೆದಾಗ ಪಾರ್ಕಿಂಗ್ ಲೈಟ್ ಹಾಕಿದ್ರೆ ಅರ್ಥ್ ಕಡೆ 0.02 ವೋಲ್ಟ್, ಬಾಗಿಲು ಎಷ್ಟು ಆಡಿಸಿದ್ರೂ ಅಷ್ಟೇ. ಕೊಕ್ಕೆ ಲಾಕ್ ಮಾಡಿ ರಬ್ಬರ್ ಸ್ವಿಚ್ ಒತ್ತಿದೆ, ಡ್ಯಾಶ್‌ಬೋರ್ಡಲ್ಲಿ ಟಿಕ್, ಬೆನ್ನಿಗೇ ಲಾಕಲ್ಲಿ ಟಕ್. ಕೊಳವೆಯ ಬಾಯಿ ಒತ್ತಿ ಕೂರಿಸಿದೀನಿ, ಮಳೆ ಒಂದು ದಿನ ಬಿಡುವು ಕೊಟ್ರೆ ಮತ್ತೆ ಬಿಚ್ಚಿ ಒಳಗೆ ತೇವ ಇದೆಯಾ ಅಂತ ನೋಡೋದಿದೆ.