ಶಾಲಾಪೂರ್ವ ಶಿಕ್ಷಣ ಎಂದರೆ ಎಲ್‌ಕೆಜಿ ಅಂತಲ್ಲ

ಅಡ್ಮಿಷನ್ ಸೀಸನ್ ಬಂತೆಂದರೆ ಈ ಪದ ಎಲ್ಲರ ಬಾಯಲ್ಲೂ ಓಡಾಡುತ್ತದೆ. ‘ಶಾಲಾಪೂರ್ವ ಶಿಕ್ಷಣ ಮುಗೀತು, ಎಬಿಸಿಡಿ ಪೂರ್ತಿ ಬರೀತಾಳೆ’ ಅನ್ನುತ್ತಾರೆ ಒಬ್ಬರು. ‘ಅಂಗನವಾಡಿಯಲ್ಲಿ ಎಲ್ಲಿದೆ ಶಾಲಾಪೂರ್ವ ಶಿಕ್ಷಣ? ಊಟ, ಮೊಟ್ಟೆ ಕೊಟ್ಟು ಕಳಿಸ್ತಾರೆ’ ಅನ್ನುತ್ತಾರೆ ಇನ್ನೊಬ್ಬರು. ಎರಡೂ ತಪ್ಪು. ಹೋಗಲಿ ಬಿಡಿ ಅನ್ನಲು ಮನಸ್ಸಾಗುವುದಿಲ್ಲ, ಯಾಕೆಂದರೆ ಈ ತಪ್ಪಿನ ಮೇಲೆಯೇ ಸರ್ಕಾರದ ನಿರ್ಧಾರಗಳೂ ಆಗುತ್ತಿವೆ.

ತೊಂದರೆ ಇರುವುದು ‘ಪೂರ್ವ’ದಲ್ಲಿ. ಶಾಲೆಗೆ ಮುಂಚಿನದು ಅಂದ ಕೂಡಲೇ ಶಾಲೆಗೆ ತಯಾರಿ ಅಂತ ಕೇಳಿಸುತ್ತದೆ. ಅಲ್ಲಿಂದ ಒಂದನೇ ತರಗತಿಯ ಪಾಠವನ್ನೇ ಎರಡು ವರ್ಷ ಮೊದಲು ಶುರು ಮಾಡುವುದು ಅಂತ ಅರ್ಥ ಜಾರುತ್ತದೆ. ನಿಜವಾಗಿ ಇದು ಮೂರರಿಂದ ಆರು ವರ್ಷದ ಮಗು ಕಲಿಯುವ ರೀತಿಗೆ ಹೊಂದುವ ಶಿಕ್ಷಣ. ಇದಕ್ಕೆ ಇದರದ್ದೇ ಗುರಿ ಇದೆ, ಇದರದ್ದೇ ವಿಧಾನ ಇದೆ.

‘ಕೆಜಿ’ ಅನ್ನುವುದನ್ನೇ ನೋಡಿ. ಎಷ್ಟೋ ಬೋರ್ಡುಗಳಲ್ಲಿ ‘ಕಿಂಡರ್‌ಗಾರ್ಡನ್’ ಎಂದು ಬರೆದಿರುತ್ತಾರೆ. ಅದು ಗಾರ್ಡನ್ ಅಲ್ಲ, ಗಾರ್ಟನ್. ಜರ್ಮನ್ ಪದ, ಅರ್ಥ ಮಕ್ಕಳ ತೋಟ. ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾದ್ ಬ್ಲಾಂಕೆನ್‌ಬರ್ಗ್ ಎಂಬ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಜಾಗ ಮಾಡಿದರು. 1840ರಲ್ಲಿ ಅದಕ್ಕೆ ಈ ಹೆಸರು ಇಟ್ಟರು. ಮಕ್ಕಳು ಮಣ್ಣು ಅಗೆದು ಬೀಜ ಹಾಕುವ ನಿಜವಾದ ತೋಟವೂ ಅವರ ಪದ್ಧತಿಯ ಭಾಗ. ಮಕ್ಕಳ ಕೈಗೆ ಮೊದಲು ಸಿಗುತ್ತಿದ್ದದ್ದು ಉಣ್ಣೆ ಸುತ್ತಿದ ಬಣ್ಣದ ಚೆಂಡು. ಆಮೇಲೆ ಮರದ ಗೋಳ, ಘನ, ಸಿಲಿಂಡರ್. ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತ್ತು, 1860ರವರೆಗೂ ನಿಷೇಧ ತೆಗೆಯಲಿಲ್ಲ. ಅಷ್ಟು ಜಗಳ ಕಂಡ ಪದ ಇದು. ಅದರ ಮುಂದೆ ‘ಲೋಯರ್’, ‘ಅಪ್ಪರ್’ ಸೇರಿಸಿ, ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಟ್ಟು, ಪರೀಕ್ಷೆ ಇಟ್ಟು, ಮಾರ್ಕ್ಸ್ ಕಾರ್ಡ್ ಹಂಚಿದರೆ ಅದರಲ್ಲಿ ತೋಟ ಎಲ್ಲಿ ಉಳಿಯಿತು?

‘ಮಾಂಟೆಸ್ಸರಿ’ಯ ಪಾಡೂ ಅಷ್ಟೇ. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಕೇಂದ್ರ ತೆರೆದದ್ದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ, ಬಡ ಕೂಲಿಕಾರರ ಮಕ್ಕಳಿಗಾಗಿ. ಹೆಸರು ‘ಮಕ್ಕಳ ಮನೆ’. ಈಗ ಬೆಂಗಳೂರಿನಲ್ಲಿ ಆ ಹೆಸರಿನ ಬೋರ್ಡ್ ಕಂಡರೆ ಕೂಲಿಕಾರರು ಒಳಗೆ ಹೆಜ್ಜೆ ಇಡಲೂ ಹೆದರುತ್ತಾರೆ.

ಅಂಗನವಾಡಿ ನಮ್ಮ ಪಕ್ಕದ ರಾಜ್ಯದಿಂದ ಬಂದ ಪದ. 1940ರ ದಶಕದಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿ ಎಂಬ ಊರಲ್ಲಿ ಬಾಲವಾಡಿ, ಅಂದರೆ ಚಿಕ್ಕ ಮಕ್ಕಳ ಶಾಲೆ, ನಡೆಸುತ್ತಿದ್ದರು. ಆದಿವಾಸಿ ಹಾಡಿಗಳ ಮಕ್ಕಳು ಅಲ್ಲಿಗೆ ಬರುವುದು ಕಷ್ಟ ಎಂದು ಗೊತ್ತಾದಾಗ ಅವರು ಮಕ್ಕಳಿದ್ದಲ್ಲಿಗೇ ಹೋದರು. ಅಂಗಳದಲ್ಲೇ ಹಾಡು, ಕಥೆ, ಆಟ, ಸ್ನಾನ, ಊಟ. ಅಂಗಳದ ವಾಡಿ, ಹಾಗಾಗಿ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಈ ಹೆಸರೇ ನಿಂತಿತು. ಕರ್ನಾಟಕದಲ್ಲಿ ಮೊದಲ ಜಾಗ ಮೈಸೂರು ಜಿಲ್ಲೆಯ ಟಿ. ನರಸೀಪುರ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಊಟದ ಜೊತೆಗೆ ಆಮೇಲೆ ಯಾರೋ ಸೇರಿಸಿದ್ದಲ್ಲ, ಮೊದಲ ದಿನದಿಂದಲೂ ಇದೆ.

ಹಾಗಾದರೆ ಅಲ್ಲಿ ಏನು ನಡೆಯಬೇಕು? ಒಂದು ಮೊರದಲ್ಲಿ ಹುಣಸೆ ಬೀಜ, ಅವರೆಕಾಳು ಬೆರೆಸಿ ನಾಲ್ಕು ವರ್ಷದ ಮಗುವಿನ ಮುಂದೆ ಇಡಿ. ಅದು ಬೇರೆ ಬೇರೆ ಮಾಡುತ್ತದೆ. ಎರಡು ಬೆರಳಲ್ಲಿ ಹಿಡಿದು ಒಂದೊಂದೇ ಎತ್ತುತ್ತದೆ. ಸಾಲು ಇಡುತ್ತದೆ, ಯಾವ ಸಾಲು ಉದ್ದ ಅಂತ ನೋಡುತ್ತದೆ. ಗುಂಪು ಮಾಡುವುದು, ಹೋಲಿಸುವುದು ಗಣಿತ. ಬೆರಳಿಗೆ ಬಂದ ಹಿಡಿತ ಮುಂದೆ ಪೆನ್ಸಿಲ್ ಹಿಡಿಯಲು ಬೇಕು. ‘ಇದ್ಯಾಕೆ ಇಷ್ಟು ನುಣ್ಣಗಿದೆ?’ ಅಂತ ಟೀಚರ್ ಕೇಳಿದಾಗ ಮಗು ತನ್ನ ಮನೆಮಾತಿನಲ್ಲಿ ಉತ್ತರ ಹುಡುಕುತ್ತದಲ್ಲ, ಅದು ಭಾಷೆ. ಹೊರಗಿನಿಂದ ನೋಡುವವರಿಗೆ ಮಾತ್ರ ‘ಸುಮ್ನೆ ಆಟ ಆಡಿಸ್ತಾರೆ’.

ಇದು ಅರ್ಥವಾಗದ ಕಾರಣಕ್ಕೇ 2025ರಲ್ಲಿ ಕರ್ನಾಟಕದಲ್ಲಿ ಅಷ್ಟು ಗದ್ದಲವಾಯಿತು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ಸರಿಯಾಗಿಯೇ ಇತ್ತು. ‘ಯುಕೆಜಿ ಮುಗಿದಿದೆ, ಮತ್ತೆ ಒಂದು ವರ್ಷ ಯಾಕೆ ವೇಸ್ಟ್ ಮಾಡಬೇಕು’ ಎಂದು ಪೋಷಕರು ಪಟ್ಟು ಹಿಡಿದರು. ಸರ್ಕಾರ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ ವಯಸ್ಸಿನ ಮಿತಿಯನ್ನು 5 ವರ್ಷ 5 ತಿಂಗಳಿಗೆ ಇಳಿಸಿತು. ಐದು ವರ್ಷದ ಮಗುವಿಗೆ ವೇಸ್ಟ್ ಆಗುವ ವರ್ಷ ಯಾವುದು, ನನಗಂತೂ ಗೊತ್ತಾಗುವುದಿಲ್ಲ.

ಇನ್ನು ಕಾನೂನು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 14 ವರ್ಷ ತುಂಬುವವರೆಗೆ ಉಚಿತ ಶಿಕ್ಷಣ ಮಗುವಿನ ಮೂಲಭೂತ ಹಕ್ಕು ಎಂದಿತ್ತು. ಕೆಳಗಿನ ವಯಸ್ಸಿಗೆ ಗೆರೆ ಎಳೆದಿರಲಿಲ್ಲ. ಸಂವಿಧಾನದ 2002ರ 86ನೇ ತಿದ್ದುಪಡಿ ಆ ಹಕ್ಕನ್ನು 6ರಿಂದ 14ಕ್ಕೆ ಕಟ್ಟಿಹಾಕಿತು. ಆರರ ಒಳಗಿನ ಮಕ್ಕಳನ್ನು 45ನೇ ವಿಧಿಗೆ, ಅಂದರೆ ಸರ್ಕಾರ ‘ಪ್ರಯತ್ನಿಸಬೇಕು’ ಎನ್ನುವ ಪಟ್ಟಿಗೆ ಹಾಕಿತು. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಹೇಳುವುದೂ ಇಷ್ಟೇ: ಮೂರರಿಂದ ಆರು ವರ್ಷದವರಿಗೆ ಉಚಿತ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’. ಮಾಡಲೇಬೇಕು ಅಂತಿಲ್ಲ. ದುಡ್ಡಿದ್ದವರು ಫೀಸ್ ಕಟ್ಟಿ ಕೊಂಡುಕೊಳ್ಳುತ್ತಾರೆ. ಇಲ್ಲದವರ ಮಗುವಿಗೆ ಒಳ್ಳೆಯ ಶಿಕ್ಷಣ ಸಿಕ್ಕರೆ ಅದೃಷ್ಟ.

ಅಂಗನವಾಡಿಯಲ್ಲಿ ಕಲಿಸುವವರ ಸ್ಥಿತಿಯೂ ಇದಕ್ಕೇ ಅಂಟಿಕೊಂಡಿದೆ. ಮಕ್ಕಳು ‘ಟೀಚರ್’ ಅಂತಲೇ ಕರೆಯುತ್ತಾರೆ. ದಾಖಲೆಯಲ್ಲಿ ಆಕೆ ಕಾರ್ಯಕರ್ತೆ, ಸಿಗುವುದು ಸಂಬಳವಲ್ಲ, ಗೌರವಧನ. ಮಕ್ಕಳ ತೂಕ, ಗರ್ಭಿಣಿಯರ ಲೆಕ್ಕ, ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ಗೆ ಮಾಹಿತಿ ತುಂಬುವುದು, ಸರ್ವೆ, ಎಷ್ಟೋ ಕಡೆ ಮತಪಟ್ಟಿ ಕೆಲಸ. ಇಷ್ಟೆಲ್ಲದರ ನಡುವೆ ಕಥೆ ಹೇಳಬೇಕು. 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರದ್ದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟ್ ಇವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಸಲ್ಲಬೇಕು ಎಂದಿತು. ಅಂಗನವಾಡಿಯಲ್ಲಿ ನಡೆಯುವುದು 11ನೇ ಸೆಕ್ಷನ್ನಿನ ಶಿಕ್ಷಣ ಎಂಬುದನ್ನೂ ಆಗ ಗಣನೆಗೆ ತೆಗೆದುಕೊಂಡಿತು. 2024ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಕಾರ್ಯಕರ್ತೆಯರು ಬೀದಿಗಿಳಿದದ್ದು ಇದಕ್ಕೇ. ಅಂಗನವಾಡಿಗೆ ಬರುವ ಮಕ್ಕಳನ್ನು ಶಾಲೆಗೆ ಕರೆದುಕೊಂಡರೆ ಅಂಗನವಾಡಿಗೆ ಉಳಿಯುವುದು ಊಟ ಮಾತ್ರ. ಅದೇ ವರ್ಷ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂದು ಹೆಸರಾಯಿತು. ಹೆಸರು ಒಳ್ಳೆಯದೇ. ಆದರೆ ಕಲಿಸುವುದಕ್ಕೇ ಇರುವ ಇನ್ನೊಬ್ಬ ಟೀಚರ್, ತರಬೇತಿ, ಸಾಮಗ್ರಿ ಬರದೆ ಬೋರ್ಡ್ ಬದಲಾದರೆ ಸಾಲದು.

ರಾಷ್ಟ್ರೀಯ ಶಿಕ್ಷಣ ನೀತಿ ರೂಪಿಸಿದ ಕಸ್ತೂರಿರಂಗನ್ ಸಮಿತಿ 2019ರ ಕರಡಿನಲ್ಲಿ ಶಿಕ್ಷಣ ಹಕ್ಕನ್ನು 3ರಿಂದ 18 ವರ್ಷಕ್ಕೆ ವಿಸ್ತರಿಸಿ ಎಂದು ಬರೆದಿತ್ತು. 2020ರ ಅಂತಿಮ ನೀತಿಯಲ್ಲಿ 3ರಿಂದ 8 ವರ್ಷವನ್ನು ಒಂದೇ ಹಂತ ಮಾಡಿದ್ದಾರೆ, ಆ ಶಿಫಾರಸು ಮಾತ್ರ ಉಳಿಯಲಿಲ್ಲ. ‘ಶಾಲಾಪೂರ್ವ ಶಿಕ್ಷಣಕ್ಕೆ ಒತ್ತು ಕೊಡ್ತೀವಿ’ ಎಂದು ಯಾರಾದರೂ ವೇದಿಕೆಯಲ್ಲಿ ಹೇಳಿದರೆ, 11ನೇ ಸೆಕ್ಷನ್ನಿನ ‘ಮಾಡಬಹುದು’ ಅನ್ನು ಯಾವಾಗ ಬದಲಿಸುತ್ತೀರಿ ಎಂದು ಕೇಳಿ.